ಔಷಧಿಯ ಜೊತೆಗೆ ಅರ್ಥವಾಗುವ ಮಾತೂ ಬೇಕು

ವಯಸ್ಸಾದವರು ಮಾತ್ರೆಗಳನ್ನು ತಪ್ಪಾಗಿ ನುಂಗಿದಾಗ ಅದನ್ನು ಮರೆವಿನ ಲೆಕ್ಕಕ್ಕೆ ಹಾಕುವುದು ರೂಢಿಯಾಗಿದ್ದರೂ, ಎಷ್ಟೋ ಸಲ ತಪ್ಪಿನ ಮೂಲವಿರುವುದು ಮಾಹಿತಿ ಕೊಡುವ ಕ್ರಮದಲ್ಲಿಯೇ. ರಕ್ತದೊತ್ತಡ, ಮಧುಮೇಹ, ಸಂಧಿವಾತಗಳು ಒಟ್ಟಿಗೆ ಕಾಡುವ ವಯಸ್ಸಿನಲ್ಲಿ ಐದು ಅಥವಾ ಅದಕ್ಕೂ ಹೆಚ್ಚು ಬಗೆಯ ಔಷಧಿಗಳನ್ನು ನಿತ್ಯ ಸೇವಿಸಬೇಕಾಗಿ ಬರುವುದುಂಟು. ಇದನ್ನು ಬಹುಔಷಧ ಸೇವನೆ ಎನ್ನಲಾಗುತ್ತದೆ. ಮೂತ್ರಪಿಂಡಗಳ ಶಕ್ತಿ ಕುಗ್ಗಿ ಅನೇಕ ಔಷಧಿಗಳು ದೇಹದಿಂದ ನಿಧಾನವಾಗಿ ಹೊರಹೋಗುವುದರಿಂದ, ಪ್ರಮಾಣದಲ್ಲಾಗುವ ಸಣ್ಣ ವ್ಯತ್ಯಾಸವೂ ವೃದ್ಧರಿಗೆ ದುಬಾರಿಯಾಗಬಹುದು.

ವೈದ್ಯರ ಚೀಟಿಯಲ್ಲಿನ 1-0-1 ಎಂಬ ಬರಹಕ್ಕೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬ ಅರ್ಥವಿದೆಯೆಂದು ಯಾರಾದರೂ ಬಿಡಿಸಿ ಹೇಳದ ಹೊರತು ಅದು ಬರಿಯ ಅಂಕಿಯಾಗಿಯೇ ಉಳಿಯುತ್ತದೆ. ಔಷಧಿಯ ಜನರಿಕ್ ಹೆಸರನ್ನು, ಅಂದರೆ ಕಂಪನಿ ಇಟ್ಟ ಹೆಸರಿನ ಹಿಂದಿರುವ ಮೂಲ ಔಷಧದ ಹೆಸರನ್ನು, ಸ್ಪಷ್ಟವಾಗಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮಕ್ಕೆ ತಿದ್ದುಪಡಿ ತಂದಿತಾದರೂ, ಇಂಗ್ಲಿಷಿನಲ್ಲಿ ಎಷ್ಟೇ ಅಂದವಾಗಿ ಬರೆದರೂ ಕನ್ನಡವನ್ನಷ್ಟೇ ಓದಬಲ್ಲ ಹಿರಿಯರಿಗೆ ಅದರಿಂದ ಪ್ರಯೋಜನವಾಗದು. ಜ್ವರಕ್ಕೊಂದು, ಮೈಕೈ ನೋವಿಗೊಂದು ಎಂದು ಬೇರೆ ಬೇರೆ ಹೆಸರಿನಲ್ಲಿ ಕೊಂಡ ಮಾತ್ರೆಗಳೆರಡರಲ್ಲೂ ಪ್ಯಾರಾಸಿಟಮಾಲ್ ಇರಬಹುದೆಂಬುದು, ಅತಿಯಾದರೆ ಅದು ಯಕೃತ್ತಿಗೆ ಹಾನಿಕರವೆಂಬುದು ಅವರಿಗೆ ತಿಳಿಯುವುದಿಲ್ಲ. ಹತ್ತು ಮಾತ್ರೆಗಳ ಹಾಳೆಯಿಂದ ನಾಲ್ಕನ್ನು ಕತ್ತರಿಸಿ ಕೊಟ್ಟಾಗ, ಹೆಸರು ಮತ್ತು ಅವಧಿ ಮುಗಿಯುವ ದಿನಾಂಕವಿರುವ ತುದಿ ಅಂಗಡಿಯಲ್ಲೇ ಉಳಿದುಬಿಡಬಹುದು. ಕೈಗೆ ಬಂದ ತುಂಡಿನಲ್ಲಿ ಅಕ್ಷರಗಳಿದ್ದರೂ, ಹೊಳೆಯುವ ಹಾಳೆಯ ಮೇಲಿನ ಆ ಸಣ್ಣ ಮುದ್ರಣವನ್ನು ಪೊರೆ ಬಂದ ಕಣ್ಣು ಓದಲಾರದು.

ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯ ಉದಾಹರಣೆ ಈ ವಿಷಯದ ಗಾಂಭೀರ್ಯವನ್ನು ತೋರಿಸುತ್ತದೆ. ವಾರಕ್ಕೊಮ್ಮೆ ಸೇವಿಸಬೇಕಾದ ಇದನ್ನು ಉಳಿದ ಮಾತ್ರೆಗಳಂತೆ ದಿನವೂ ನುಂಗಿದರೆ, ರಕ್ತಕಣಗಳನ್ನು ಉತ್ಪಾದಿಸುವ ಅಸ್ಥಿಮಜ್ಜೆ ಕುಂದಿ ಪ್ರಾಣಕ್ಕೇ ಸಂಚಕಾರ ಬರಬಹುದು. ‘ವಾರಕ್ಕೆ ಒಂದು ಸಲ’ ಎಂಬುದರ ಜೊತೆಗೆ ‘ಭಾನುವಾರ ಮಾತ್ರ, ಕೀಲುವಾತಕ್ಕೆ’ ಎಂದು ದಿನವನ್ನೂ ಕಾರಣವನ್ನೂ ಕನ್ನಡದಲ್ಲಿ ದಪ್ಪಕ್ಷರದಿಂದ ಬರೆದುಕೊಟ್ಟರೆ ಗೊಂದಲಕ್ಕೆ ಎಡೆ ಬಹಳ ಕಡಿಮೆಯಾಗುತ್ತದೆ.

ರೋಗಿಗೆ ತಿಳಿವಳಿಕೆ ನೀಡುವುದು ಔಷಧ ವಿತರಕರ ಕೆಲಸದ ಭಾಗವೆಂದು 2015ರ ಫಾರ್ಮಸಿ ವೃತ್ತಿ ನಿಯಮಾವಳಿಯೇ ಹೇಳುತ್ತದೆ. ‘ಗೊತ್ತಾಯಿತಾ?’ ಎಂದು ಕೇಳಿದರೆ ಸಂಕೋಚದಿಂದಲೇ ಹೂಂಗುಟ್ಟುವ ಹಿರಿಯರು ಬಹಳ. ಆದ್ದರಿಂದ ‘ಮನೆಗೆ ಹೋಗಿ ಇದನ್ನು ಹೇಗೆ ತಗೋತೀರಿ, ಒಮ್ಮೆ ಹೇಳಿ ಅಜ್ಜಿ’ ಎಂದು ಅವರ ಬಾಯಿಂದಲೇ ಹೇಳಿಸುವ ಮರುಹೇಳಿಕೆ ವಿಧಾನ ಹೆಚ್ಚು ವಿಶ್ವಾಸಾರ್ಹವಾದುದು. ಅದರೊಂದಿಗೆ, ಮಾತ್ರೆಯ ಹೆಸರು, ಅದು ಯಾವ ಕಾಯಿಲೆಗೆ, ಯಾವ ಹೊತ್ತಿಗೆ, ಊಟಕ್ಕೆ ಮುಂಚೆಯೋ ನಂತರವೋ ಎಂಬ ವಿವರಗಳ ಒಂದೇ ಪುಟದ ಪಟ್ಟಿಯನ್ನು ಸಿದ್ಧಪಡಿಸಿ, ಪ್ರತಿ ಭೇಟಿಯಲ್ಲೂ ತಿದ್ದಿ, ನಿಲ್ಲಿಸಿದ ಔಷಧಿಯನ್ನು ಹೊಡೆದುಹಾಕಬೇಕು. ಇದಕ್ಕೆ ಬೇಕಾಗುವುದು ಒಂದು ಹಾಳೆ ಮತ್ತು ಕೆಲವು ನಿಮಿಷಗಳ ತಾಳ್ಮೆಯಷ್ಟೆ. ಅರ್ಥವಾಗುವಂತೆ ಹೇಳುವುದನ್ನು ಉಪಕಾರವೆಂದು ಭಾವಿಸದೆ, ಚಿಕಿತ್ಸೆಯ ಅಂಗವೆಂದೇ ವೈದ್ಯರೂ ಔಷಧ ಅಂಗಡಿಯವರೂ ಮನೆಯವರೂ ಪರಿಗಣಿಸಬೇಕಾಗಿದೆ.