ವಾಷಿಂಗ್ ಮೆಷಿನ್ ನೀರು ಬಿಡುತ್ತಿಲ್ಲವೇ?

ಗೌರಿ ಹಬ್ಬಕ್ಕೆ ಇನ್ನೊಂದೇ ದಿನ. ಬಾಗಿನದ ಮೊರಗಳಿಗೆ ಅರಿಶಿನ ಹಚ್ಚಿ, ಒಣಗಲು ಇಟ್ಟು ಬಂದು ನೋಡುತ್ತೇನೆ, ನಮ್ಮ ವಾಷಿಂಗ್ ಮೆಷಿನ್ ಸದ್ದಿಲ್ಲದೆ ನಿಂತುಬಿಟ್ಟಿದೆ. ಗಾಜಿನ ಬಾಗಿಲಿನ ಅರ್ಧದವರೆಗೂ ಬೂದು ಬಣ್ಣದ ಸೋಪಿನ ನೀರು. ಅದರೊಳಗೆ ಮಕ್ಕಳ ಯೂನಿಫಾರಂ, ಎರಡು ಹೊದಿಕೆ, ನಮ್ಮತ್ತೆಯವರ ನೂಲಿನ ಸೀರೆ. ತೆಗೆಯೋಣವೆಂದರೆ ಬಾಗಿಲೂ ಬರಲೊಲ್ಲದು.

ನಮ್ಮವರು ಆಫೀಸಿನ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದರು. ಫೋನಿನಲ್ಲಿ, "ನೀನೇನೂ ಕೈ ಹಾಕೋಕೆ ಹೋಗ್ಬೇಡ, ನಾನು ಬಂದು ನೋಡ್ತೀನಿ" ಎಂದರು. ರಿಪೇರಿಯವನು ಮೆಷಿನ್ನಿನ ಮುಖ ನೋಡದೆಯೇ ತೀರ್ಪು ಕೊಟ್ಟ: "ಪಂಪ್ ಹೋಗಿರತ್ತೆ ಮೇಡಂ, ಹೊಸದೇ ಹಾಕ್ಬೇಕು. ಹಬ್ಬ ಮುಗಿಸ್ಕೊಂಡು ಬರ್ತೀನಿ." ಅತ್ತೆ ಅಡುಗೆಮನೆಯಿಂದಲೇ, "ನಮ್ಮ ಕಾಲದ ಒಗೆಯೋ ಕಲ್ಲು ಒಂದು ದಿನವಾದ್ರೂ ಕೆಟ್ಟಿದ್ದು ನಾನು ನೋಡ್ಲಿಲ್ಲಮ್ಮ" ಎಂದರು. ಸುಳ್ಳೇನಲ್ಲ! ಆದರೆ ಆ ಕಲ್ಲಿನ ಮುಂದೆ ಬಗ್ಗಿ ಬಗ್ಗಿ ಹೋದ ಸೊಂಟಗಳ ಲೆಕ್ಕ ಇಟ್ಟವರು ಯಾರು?

ಮೂರು ದಿನ ಆ ನೀರಿನಲ್ಲೇ ಬಟ್ಟೆ ನೆನೆದರೆ ಮುಗ್ಗಲು ವಾಸನೆ ಖಂಡಿತ. ಬೀರುವಿನಲ್ಲಿ ಗ್ಯಾಸಿನ ಪುಸ್ತಕದ ಕೆಳಗೆ ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಇಟ್ಟಿದ್ದ ಮೆಷಿನ್ನಿನ ಕೈಪಿಡಿಯನ್ನು ಹೊರತೆಗೆದೆ. ಅರ್ಧ ಗಂಟೆ ಓದಿದ ಮೇಲೆ ಧೈರ್ಯ ಬಂತು. ನನಗೆ ತಿಳಿದದ್ದನ್ನು ನಿಮಗೂ ಹೇಳುತ್ತೇನೆ, ಕೇಳಿ.

ನೀರು ಹೋಗುವ ದಾರಿ

ಫ್ರಂಟ್ ಲೋಡ್ ಮೆಷಿನ್ನಿನಲ್ಲಿ ನೀರು ತೊಟ್ಟಿಯಿಂದ ಕೆಳಗಿಳಿದು, ಒಂದು ರಬ್ಬರ್ ಪೈಪಿನ ಮೂಲಕ ಫಿಲ್ಟರಿಗೆ ಬರುತ್ತದೆ. ಅದರ ಬೆನ್ನಿಗೇ ಪಂಪು. ಸುಮಾರು 30 ವಾಟಿನ ಪುಟ್ಟ ಮೋಟಾರು, ಅದಕ್ಕೊಂದು ಸಣ್ಣ ಫ್ಯಾನಿನಂಥ ಚಕ್ರ. ಆ ಚಕ್ರ ತಿರುಗಿ ನೀರನ್ನು ಹಿಂದಿನ ಪೈಪಿಗೆ ಏರಿಸಿ ಬಚ್ಚಲಿಗೆ ಬಿಡುತ್ತದೆ. ಈ ದಾರಿಯಲ್ಲಿ ಎಲ್ಲಿ ಅಡ್ಡ ಬಂದರೂ ನೀರು ನಿಲ್ಲುತ್ತದೆ. ನೀರು ನಿಂತಿತೆಂದ ಮಾತ್ರಕ್ಕೆ ಪಂಪೇ ಕೆಟ್ಟಿದೆ ಎನ್ನಲಾಗದು. ಹುಡುಕುವಾಗ ಹೊರಗಿನಿಂದ ಒಳಕ್ಕೆ, ಸುಲಭದಿಂದ ಕಷ್ಟಕ್ಕೆ ಹೋಗಬೇಕು.

ಮೆಷಿನ್ ತಾನೇ ಸೂಚನೆ ಕೊಡುವುದೂ ಉಂಟು. ನೀರು ಹೋಗದಿದ್ದರೆ ಎಲ್‌ಜಿಯಲ್ಲಿ 'ಓಇ', ಸ್ಯಾಮ್‌ಸಂಗ್‌ನಲ್ಲಿ '5ಸಿ' ಅಥವಾ '5ಇ', ಬಾಷ್‌ನ ಹಲವು ಮಾದರಿಗಳಲ್ಲಿ 'ಇ18' ಎಂದು ಬರುತ್ತದೆ. ಇದನ್ನು ಕಂಡು ಗಾಬರಿಯಾಗಬೇಡಿ. "ನೀರು ಹೋಗ್ತಿಲ್ಲ, ನೋಡು" ಎಂಬುದಷ್ಟೇ ಅದರ ಅರ್ಥ.

ಹೊರಗೆ ನೋಡಬೇಕಾದದ್ದು

ಮೊದಲು ನೀವು ಇಟ್ಟಿರುವ ಪ್ರೋಗ್ರಾಂ ನೋಡಿ. ಉಣ್ಣೆ, ರೇಷ್ಮೆಯಂಥ ನಾಜೂಕು ಬಟ್ಟೆಗೆ ಕೆಲವು ಮೆಷಿನ್ನುಗಳು ಬಟ್ಟೆ ಸುಕ್ಕಾಗದಿರಲೆಂದು ಬೇಕೆಂದೇ ನೀರನ್ನು ಹಿಡಿದು ನಿಲ್ಲುತ್ತವೆ. ಆಗ 'ಡ್ರೈನ್' ಅಥವಾ 'ಸ್ಪಿನ್' ಒತ್ತಿದರೆ ಮುಗಿಯಿತು.

ಎರಡನೆಯದು ಬಚ್ಚಲು. ಜಾಲರಿಯ ಮೇಲೆ ಒಂದು ಬಕೆಟ್ ನೀರು ಸುರಿದು ನೋಡಿ. ಅದೂ ನಿಂತರೆ ಮೆಷಿನ್ನಿನದೇನೂ ತಪ್ಪಿಲ್ಲ. ಕೂದಲು, ಕಸ ತೆಗೆಯಿರಿ.

ಮೂರನೆಯದು ಹಿಂದಿನ ಪೈಪು. ಕಸ ಗುಡಿಸುವಾಗ ಮೆಷಿನ್ನನ್ನು ಗೋಡೆಗೆ ಒತ್ತರಿಸಿದರೆ ಪೈಪು ಮಡಿಚಿಕೊಂಡುಬಿಡುತ್ತದೆ. ಅದರ ಎತ್ತರವೂ ಮುಖ್ಯ. ಫ್ರಂಟ್ ಲೋಡ್‌ನಲ್ಲಿ ಪೈಪಿನ ತುದಿ ಸಾಮಾನ್ಯವಾಗಿ ನೆಲದಿಂದ 60ರಿಂದ 100 ಸೆಂಟಿಮೀಟರ್ ಎತ್ತರಕ್ಕೆ ಹೋಗಿ ಬರಬೇಕು. ತೀರಾ ಎತ್ತರವಾದರೆ ಪಂಪಿಗೆ ಏದುಸಿರು. ತೀರಾ ತಗ್ಗಾದರೆ ತುಂಬುತ್ತಿರುವ ನೀರೆಲ್ಲ ಹಾಗೇ ಹರಿದುಹೋಗುತ್ತದೆ. ನಿಮ್ಮ ಮೆಷಿನ್ನಿನ ಸರಿಯಾದ ಅಳತೆ ಕೈಪಿಡಿಯಲ್ಲಿರುತ್ತದೆ.

ನಾಲ್ಕನೆಯದು ನೊರೆ. ಕೈಯಲ್ಲಿ ಒಗೆಯುವ ಪುಡಿಯನ್ನು ಮೆಷಿನ್ನಿಗೆ ಹಾಕಿದರೆ ನೊರೆ ಉಕ್ಕುತ್ತದೆ, ಪಂಪು ನೀರಿನ ಬದಲು ನೊರೆಯನ್ನೇ ಕಡೆಯುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ "ನೊರೇನೇ ಬರಲ್ಲ" ಎಂದು ಇನ್ನೊಂದು ಚಮಚ, ಮತ್ತೊಂದು ಚಮಚ ಸುರಿಯುತ್ತೇವೆ. ಕರಗದ ಪುಡಿ ಬಟ್ಟೆಯ ಎಳೆಗಳ ಜೊತೆ ಸೇರಿ ಜಿಡ್ಡಾಗಿ ಕೂರುತ್ತದೆ. ಮೆಷಿನ್ನಿಗೆಂದೇ ಮಾರುವ, ನೊರೆ ಕಡಿಮೆ ಬರುವ ಪುಡಿಯನ್ನು ಅಳತೆಯಲ್ಲಿ ಹಾಕಿ.

ಕಿವಿಯನ್ನೂ ಬಳಸಿ. ನೀರು ಬಿಡುವ ಹೊತ್ತಿನಲ್ಲಿ ಗುಂಯ್ ಎಂಬ ಸದ್ದು ಬರುತ್ತಿದ್ದು ನೀರು ಮಾತ್ರ ಹೋಗದಿದ್ದರೆ, ಪಂಪಿಗೆ ಜೀವವಿದೆ, ಎಲ್ಲೋ ಏನೋ ಸಿಕ್ಕಿಕೊಂಡಿದೆ ಎಂದು ತಿಳಿಯಬಹುದು. ನಮ್ಮ ಮೆಷಿನ್ನಿನಲ್ಲಿ 'ಡ್ರೈನ್' ಒತ್ತಿದಾಗ ಗುಂಯ್‌ಗುಟ್ಟಿತು. ನನಗೆ ಅಷ್ಟೇ ಸಾಕಾಯಿತು.

ಫಿಲ್ಟರ್ ತೆಗೆಯುವ ಬಗೆ

ಕೈ ಹಾಕುವ ಮುಂಚೆ ಮೂರು ಕೆಲಸ ಆಗಲೇಬೇಕು. ಸ್ವಿಚ್ ಆರಿಸಿ, ಒಣಗಿದ ಕೈಯಿಂದ ಪ್ಲಗ್ ಕೀಳಿ. ನಲ್ಲಿ ನಿಲ್ಲಿಸಿ. ಬಿಸಿನೀರಿನ ಒಗೆತವಾಗಿದ್ದರೆ ನೀರು ಪೂರ್ತಿ ಆರುವವರೆಗೆ ಕಾಯಿರಿ. ಚಿಕ್ಕಮಕ್ಕಳನ್ನು ಹತ್ತಿರ ಬಿಡಬೇಡಿ.

ಮುಂಭಾಗದಲ್ಲಿ ಕೆಳಗೆ, ಒಂದು ಮೂಲೆಗೆ ಪುಟ್ಟ ಮುಚ್ಚಳವಿರುತ್ತದೆ. ತೆಗೆದರೆ ಬಿರಡೆಯಂಥ ಫಿಲ್ಟರು, ಕೆಲವದರಲ್ಲಿ ಪಕ್ಕದಲ್ಲೇ ಬೆರಳು ಗಾತ್ರದ ರಬ್ಬರ್ ನಳಿಕೆ. ನಳಿಕೆಯಿದ್ದರೆ ಹೊರಗೆಳೆದು, ಬಿರಡೆ ಕಿತ್ತು, ಅಂಚು ತಗ್ಗಾದ ತಟ್ಟೆಗೆ ನೀರು ಬಿಡಿ. ನಳಿಕೆಯಿಲ್ಲದಿದ್ದರೆ ಕೆಳಗೆ ಹಳೆಯ ಟವೆಲ್ ಹಾಸಿ, ಫಿಲ್ಟರನ್ನು ಎಡಕ್ಕೆ ಒಂದಿಷ್ಟೇ ತಿರುಗಿಸಿ. ತಟ್ಟೆ ತುಂಬಿದೊಡನೆ ಬಿಗಿ ಮಾಡಿ, ಚೆಲ್ಲಿ, ಮತ್ತೆ ಸಡಿಲಿಸಿ. ಅವಸರಪಟ್ಟು ಒಮ್ಮೆಗೇ ಬಿಚ್ಚಿದರೆ ಮನೆಯೆಲ್ಲ ಕೆರೆ! ನಮ್ಮದರಿಂದ ಎರಡು ಬಕೆಟ್ ನೀರು ಬಂತು. ಅತ್ತೆ ಬೈಯುತ್ತಲೇ ಬಂದು ತಟ್ಟೆ ಹಿಡಿದರು.

ನೀರು ನಿಂತ ಮೇಲೆ ಫಿಲ್ಟರ್ ಪೂರ್ತಿ ತೆಗೆದೆ. ಕೂದಲು, ದಾರ, ಕಪ್ಪಗಾದ ಎಳೆಗಳ ಒಂದು ಮುದ್ದೆ. ಅದರಲ್ಲಿ ಎರಡು ರೂಪಾಯಿಯ ನಾಣ್ಯ, ಶರ್ಟಿನ ಗುಂಡಿ, ತಲೆಪಿನ್ನು. ಮುದ್ದೆಯನ್ನು ಬಿಡಿಸುತ್ತಾ ಹೋದಂತೆ ಹಳದಿಯಾಗಿ ಏನೋ ಮಿನುಗಿತು. ತೊಳೆದು ನೋಡಿದರೆ ಓಲೆಯ ತಿರುಪು. ನಮ್ಮತ್ತೆಯವರ ಓಲೆಯ ಚಿನ್ನದ ತಿರುಪು!

ಅದು ಕಳೆದು ಒಂದು ತಿಂಗಳಾಗಿತ್ತು. ಎಣ್ಣೆಸ್ನಾನದ ದಿನ ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರಂತೆ. ಆಮೇಲೆ ಓಲೆ ಸಿಕ್ಕಿತು, ಒಂದು ತಿರುಪು ಸಿಗಲಿಲ್ಲ. ಮನೆಯೆಲ್ಲ ಗುಡಿಸಿ ಹುಡುಕಿದ್ದಾಯಿತು. ಯಾರೂ ಯಾರ ಮೇಲೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬಾಗಿಲ ಹಿಂದಿನ ಮೊಳೆಯಲ್ಲಿ ಸದಾ ತೂಗುತ್ತಿದ್ದ ಬೀರುವಿನ ಬೀಗದ ಕೈ ಅಂದಿನಿಂದ ಅತ್ತೆಯ ಸೊಂಟ ಸೇರಿತು. ನಾನೂ ಸಾಚಾ ಅಲ್ಲ. ಮನೆಗೆಲಸಕ್ಕೆ ಬರುವಾಕೆ ಒಳಕೋಣೆ ಗುಡಿಸುವಾಗ ಏನಾದರೊಂದು ನೆವ ಮಾಡಿಕೊಂಡು ಅಲ್ಲೇ ನಿಲ್ಲುತ್ತಿದ್ದೆ. ಹತ್ತು ವರ್ಷದಿಂದ ನಮ್ಮ ಮನೆಗೆ ಬರುತ್ತಿರುವ ಹೆಂಗಸು ಆಕೆ.

ತಿರುಪನ್ನು ಅಂಗೈಯಲ್ಲಿಟ್ಟಾಗ ಅತ್ತೆ ಎಷ್ಟೋ ಹೊತ್ತು ಮಾತಾಡಲಿಲ್ಲ.

ಇನ್ನೂ ಒಂದೆರಡು ಕೆಲಸ

ಫಿಲ್ಟರ್ ತೆಗೆದ ಗೂಡಿನೊಳಗೆ ಟಾರ್ಚ್ ಬಿಟ್ಟು ನೋಡಿ. ಪಿನ್ನು, ಗಾಜಿನ ಚೂರು ಇದ್ದೀತು, ನೋಡದೆ ಬೆರಳು ಹಾಕಬೇಡಿ. ಹಿಂಬದಿಯಲ್ಲಿ ಕಾಣುವ ಚಕ್ರವನ್ನು ಕಡ್ಡಿಯಿಂದ ಮೆಲ್ಲಗೆ ತಿರುಗಿಸಿ. ತಡೆದು ತಡೆದು ತಿರುಗುವುದು ಸಹಜ, ಒಳಗೆ ಅಯಸ್ಕಾಂತವಿದೆ. ಸ್ವಲ್ಪವೂ ಅಲುಗದಿದ್ದರೆ ದಾರವೋ ಕೂದಲೋ ಸುತ್ತಿಕೊಂಡಿರುತ್ತದೆ, ಬಿಡಿಸಿ. ಫಿಲ್ಟರನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದು, ಸೊಟ್ಟಗಾಗದಂತೆ ಕೂರಿಸಿ, ಬಿಗಿಯಾಗಿ ತಿರುಗಿಸಿ. ಆಮೇಲೆ ಪ್ಲಗ್ ಹಾಕಿ 'ರಿನ್ಸ್' ಮತ್ತು 'ಸ್ಪಿನ್' ಓಡಿಸಿ. ಮುಚ್ಚಳದ ಹತ್ತಿರ ತೊಟ್ಟಿಕ್ಕುತ್ತಿದೆಯೇ ಎಂದು ನೋಡುತ್ತಿರಿ.

ಟಾಪ್ ಲೋಡ್ ಇರುವವರಿಗೆ ಒಂದು ಮಾತು. ನಮ್ಮಲ್ಲಿ ಮಾರುವ ಎಷ್ಟೋ ಟಾಪ್ ಲೋಡ್ ಮೆಷಿನ್ನುಗಳಲ್ಲಿ ಪಂಪೇ ಇರುವುದಿಲ್ಲ. ತಳದ ವಾಲ್ವ್ ತೆರೆದು ನೀರು ತಾನಾಗಿ ಇಳಿಯುತ್ತದೆ. ಅಂಥವುಗಳ ಪೈಪು ನೆಲಕ್ಕೆ ಒರಗಿಯೇ ಇರಬೇಕು. ಹೊಸ್ತಿಲು ದಾಟಿಸಿ ಎತ್ತರಕ್ಕೆ ಒಯ್ದರೆ ನೀರು ಹೋಗದು. ಸೆಮಿ ಆಟೊಮ್ಯಾಟಿಕ್‌ನಲ್ಲಿಯೂ ಗುಂಡಿ 'ಡ್ರೈನ್' ಕಡೆಗೆ ತಿರುಗಿದೆಯೇ, ಪೈಪು ಕೆಳಗಿದೆಯೇ ನೋಡಿ.

ರಿಪೇರಿಯವರನ್ನು ಯಾವಾಗ ಕರೆಯಬೇಕು? ಎಲ್ಲ ಶುದ್ಧವಾಗಿದ್ದೂ ಪಂಪು ಸದ್ದೇ ಮಾಡದಿದ್ದರೆ, ಸುಟ್ಟ ವಾಸನೆ ಬಂದರೆ, ಮುಟ್ಟಿದರೆ ಜುಮ್ಮೆಂದರೆ, ಕೆಳಗಿನಿಂದ ನೀರು ಸೋರಿದರೆ. ಆಗ ನಮ್ಮ ಸಾಹಸ ಬೇಡ.

ನೆನಪಿಡಿ

ಬಟ್ಟೆ ಹಾಕುವ ಮುಂಚೆ ಜೇಬು, ಸೆರಗಿನ ಗಂಟು, ದಿಂಬಿನ ಚೀಲ ಕೊಡವಿ.
ಮಕ್ಕಳ ಸಾಕ್ಸು, ಕರ್ಚೀಫುಗಳನ್ನು ಜಾಲರಿ ಚೀಲಕ್ಕೆ ಹಾಕಿ ಒಗೆಯಿರಿ.
ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ತೊಳೆಯಿರಿ.
ನೀರಿರುವಾಗ ಬಾಗಿಲನ್ನು ಬಲವಂತದಿಂದ ಎಳೆಯಬೇಡಿ.
ಬಚ್ಚಲು ತೊಳೆಯುವ ಆಸಿಡ್ಡನ್ನು ಮೆಷಿನ್ನಿಗೆ ಎಂದೂ ಸುರಿಯಬೇಡಿ.

ಸಂಜೆ ಆರರ ಹೊತ್ತಿಗೆ ಬಟ್ಟೆಗಳು ಹಗ್ಗದ ಮೇಲಿದ್ದವು. ರಿಪೇರಿಯವನಿಗೆ ಬರುವುದು ಬೇಡವೆಂದೆ. ಮಾರನೆಯ ದಿನ ಪೂಜೆ ಮುಗಿಸಿ ಅತ್ತೆ ಮೊದಲ ಬಾಗಿನವನ್ನು ಕೊಟ್ಟದ್ದು ಕೆಲಸಕ್ಕೆ ಬರುವ ಆಕೆಗೇ. ಕೊಡುವಾಗ, "ತಿರುಪು ಮೆಷಿನ್ನಿನಲ್ಲೇ ಇತ್ತು ಕಣೇ. ನಾನು ಸುಮ್ಮಸುಮ್ಮನೆ ಏನೇನೋ ಅಂದ್ಕೊಂಡೆ" ಎಂದರು. ಆಕೆ ಬಾಗಿನ ಮಡಿಲಿಗಿಟ್ಟುಕೊಂಡು, "ಮೊಳೆ ಮೇಲೆ ಬೀಗದ ಕೈ ಇಲ್ಲದ್ದು ನಾನೂ ನೋಡಿದ್ದೆ ಅಮ್ಮಾ" ಎಂದಳು. ಅಷ್ಟೇ ಹೇಳಿದ್ದು. ನನಗೆ ತಲೆ ಎತ್ತಲಾಗಲಿಲ್ಲ.

ಈಗ ಬೀಗದ ಕೈ ಮತ್ತೆ ಮೊಳೆಗೆ ಬಂದಿದೆ. ತಿಂಗಳ ಮೊದಲ ಭಾನುವಾರ ನಾನು ಫಿಲ್ಟರ್ ತೆಗೆಯುತ್ತೇನೆ, ಅತ್ತೆ ತಟ್ಟೆ ಹಿಡಿಯುತ್ತಾರೆ. ಸೋದರಿಯರೇ, ಪಂಪಿರಲಿ, ಮನುಷ್ಯರಿರಲಿ, ತಪ್ಪು ಹೊರಿಸುವ ಮೊದಲು ಒಮ್ಮೆ ಬಗ್ಗಿ ಮುಚ್ಚಳ ತೆಗೆದು ನೋಡಿ.