ಹಳೇ ಕಾರಿನ ಕೂಲೆಂಟ್ ಎಲ್ಲಿ ಮಾಯವಾಗುತ್ತೆ?

ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಇವತ್ತು ಓಡಾಡುತ್ತಿರುವ ಅತ್ಯಂತ ಎಳೆಯ 800ಕ್ಕೂ ಹತ್ತು ವರ್ಷ ದಾಟಿದೆ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಇಂಥದ್ದೊಂದು ಕಾರು ಇನ್ನೂ ಇದೆ. ಅದರ ಬಗ್ಗೆ ಮನೆಯವರ ಮಾತು ಒಂದೇ: "ಗಾಡಿ ಚೆನ್ನಾಗಿದೆ, ಆದ್ರೆ ಆಗಾಗ ನೀರು ಹಾಕ್ತಾ ಇರ್ಬೇಕು." ಕೂಲಿಂಗ್ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಅದಕ್ಕೆ ಆಗಾಗ ನೀರು ಬೇಕಾಗುತ್ತಿದೆ ಅಂದರೆ ಎಲ್ಲೋ ಒಂದು ಕಡೆ ಸೋರುತ್ತಿದೆ ಅಂತಲೇ ಅರ್ಥ. ಸೋರಿಕೆಯ ಜಾಗ ಹುಡುಕೋದು ಹೇಗೆ, ಸರಿ ಮಾಡೋದು ಹೇಗೆ ಅನ್ನೋದನ್ನು ನೋಡೋಣ.

ಮೊದಲು ಸ್ವಲ್ಪ ಲೆಕ್ಕ

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಕೂಲೆಂಟ್ ಮೂಲಕ ಹೊರಹೋಗುತ್ತದೆ. ಹೆದ್ದಾರಿಯಲ್ಲಿ ಹೋಗುವಾಗ ಇದು 10 ಕಿಲೋವ್ಯಾಟ್ ಅಂತ ಇಟ್ಟುಕೊಳ್ಳಿ. ವ್ಯವಸ್ಥೆಯಲ್ಲಿ 4 ಲೀಟರ್ ಕೂಲೆಂಟ್ ಇದ್ದು, ಅದರ ವಿಶಿಷ್ಟ ಶಾಖ ಕೆಜಿಗೆ ಸುಮಾರು 3.5 ಕಿಲೋಜೂಲ್ ಆದರೆ, ರೇಡಿಯೇಟರ್ ಕೆಲಸ ನಿಲ್ಲಿಸಿದ ಕ್ಷಣದಿಂದ ತಾಪ ಸೆಕೆಂಡಿಗೆ 0.7 ಡಿಗ್ರಿಯಷ್ಟು ಏರುತ್ತದೆ. ಎಂಜಿನ್ನಿನ ಲೋಹ ಹೀರುವ ಶಾಖವನ್ನು ಸೇರಿಸಿಕೊಂಡರೂ 90 ಡಿಗ್ರಿಯಿಂದ ಅಪಾಯದ ಮಟ್ಟ ಮುಟ್ಟೋಕೆ ಕೆಲವೇ ನಿಮಿಷ ಸಾಕು. ಶಿರಾಡಿ ಘಾಟಿ ಹತ್ತುವಾಗ ಇಷ್ಟು ಹೊತ್ತೂ ಸಿಗುವುದಿಲ್ಲ.

ಎರಡನೇ ವಿಷಯ ರೇಡಿಯೇಟರ್ ಕ್ಯಾಪ್. ಅದು ಬರೀ ಮುಚ್ಚಳ ಅಲ್ಲ, ಸ್ಪ್ರಿಂಗ್ ಇರುವ ಒಂದು ವಾಲ್ವ್. ಸಾಮಾನ್ಯವಾಗಿ 0.9 ಬಾರ್ ಒತ್ತಡದವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಈ ಒತ್ತಡದಲ್ಲಿ ಅದೇ ನೀರು 118ರ ಹತ್ತಿರ, ಅರ್ಧಕ್ಕರ್ಧ ಗ್ಲೈಕಾಲ್ ಬೆರೆಸಿದ ಕೂಲೆಂಟ್ 125ರ ಆಸುಪಾಸಿನಲ್ಲಿ ಕುದಿಯುತ್ತದೆ. ಎಲ್ಲಿ ಸೋರಿಕೆ ಇದೆಯೋ ಅಲ್ಲಿ ದ್ರವದ ಜೊತೆ ಒತ್ತಡವೂ ಹೋಗುತ್ತದೆ, ಕುದಿಯುವ ಬಿಂದು ಕೆಳಗಿಳಿಯುತ್ತದೆ. ಸಣ್ಣ ಸೋರಿಕೆಯೂ ದೊಡ್ಡ ತೊಂದರೆ ಆಗೋದು ಹೀಗೆ.

ಇದೇ ಕಾರಣಕ್ಕೆ ಬಿಸಿ ಎಂಜಿನ್ನಿನ ಕ್ಯಾಪ್ ಯಾವತ್ತೂ ತೆಗೆಯಬೇಡಿ. 4 ಸೆಂ.ಮೀ. ವ್ಯಾಸದ ಕ್ಯಾಪ್ ಕೆಳಗೆ 0.9 ಬಾರ್ ಒತ್ತಡ ಇದ್ದರೆ ಸುಮಾರು 11 ಕೆಜಿ ಬಲ ಮೇಲಕ್ಕೆ ತಳ್ಳುತ್ತಿರುತ್ತದೆ. ಕ್ಯಾಪ್ ಬಿಚ್ಚಿದ ಕೂಡಲೇ ಒತ್ತಡ ಇಳಿದು, ಒಳಗಿನ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಿ, ಒತ್ತಿದರೆ ಮೆತ್ತಗಿರುವವರೆಗೆ ಕಾಯಿರಿ.

ಹೊರಗೋ, ಒಳಗೋ?

ಪತ್ತೆ ಕೆಲಸದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು. ಕೂಲೆಂಟ್ ಹೊರಗೆ ಸೋರುತ್ತಿದೆಯೋ, ಎಂಜಿನ್ನಿನ ಒಳಗೇ ಹೋಗುತ್ತಿದೆಯೋ? ಮೊದಲನೆಯದಾದರೆ ನೂರಾರು ರೂಪಾಯಿಯಿಂದ ಕೆಲವು ಸಾವಿರದ ಕೆಲಸ. ಎರಡನೆಯದಾದರೆ ಹೆಡ್ ಇಳಿಸಬೇಕು. ಹಳೆಯ ಕಾರಿನ ಬೆಲೆಗೆ ಹೋಲಿಸಿದರೆ ಆ ಖರ್ಚಿಗೆ ಹೆದರಿ ಮನೆಯವರು ಕಾರನ್ನೇ ಗುಜರಿಗೆ ಹಾಕೋ ಯೋಚನೆ ಮಾಡ್ತಾರೆ. ಹಾಗಾಗಿ ಈ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳಬಾರದು, ಪರೀಕ್ಷೆಯಿಂದಲೇ ಹೇಳಬೇಕು.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರಿಸರ್ವಾಯರ್ ಡಬ್ಬಿಯ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ, ಓಡೋಮೀಟರ್ ಬರೆದುಕೊಳ್ಳಿ. ವಾರದ ನಂತರ ಮತ್ತೆ ತಣ್ಣಗಿರುವಾಗ ನೋಡಿ. ಬಿಸಿಯಾದಾಗ ಕೂಲೆಂಟ್ ಹಿಗ್ಗಿ ಡಬ್ಬಿಯ ಮಟ್ಟ ಏರುವುದು ಸಹಜ, ಆದ್ದರಿಂದ ಬಿಸಿ ಅಳತೆಗೂ ತಣ್ಣನೆ ಅಳತೆಗೂ ಹೋಲಿಕೆ ಬೇಡ. ರಾತ್ರಿ ಕಾರಿನ ಕೆಳಗೆ ಒಂದು ದೊಡ್ಡ ರಟ್ಟು ಹಾಸಿಡಿ. ಎಂಜಿನ್ನಿನ ಯಾವ ಭಾಗದ ಕೆಳಗೆ ಕಲೆ ಬಿದ್ದಿದೆ ಅನ್ನೋದೇ ಅರ್ಧ ಉತ್ತರ.

ಇಲ್ಲಿ ಒಂದು ಗೊಂದಲ ತಪ್ಪಿಸಿಕೊಳ್ಳಿ. ಎಸಿ ಹಾಕಿದ ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ಗಾಳಿಯ ತೇವಾಂಶ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೂಲೆಂಟ್‌ಗೆ ಹಸಿರೋ ಕೆಂಪೋ ಬಣ್ಣ ಇರುತ್ತದೆ, ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ. ಆದರೆ ನಾಲಿಗೆಗೆ ಮುಟ್ಟಿಸಬೇಡಿ, ಎಥಿಲೀನ್ ಗ್ಲೈಕಾಲ್ ವಿಷ.

ಎಲ್ಲೆಲ್ಲಿ ನೋಡಬೇಕು

ಹೋಸ್ ಮತ್ತು ಕ್ಲ್ಯಾಂಪ್: ಹೋಸಿನ ತುದಿಗಳನ್ನು ಬೆರಳಲ್ಲಿ ಒತ್ತಿ ನೋಡಿ. ಬಿರುಕು, ಊತ, ಕ್ಲ್ಯಾಂಪ್ ಸುತ್ತ ಬಿಳಿ ಅಥವಾ ಹಸಿರು ಪುಡಿಯ ಗುರುತು ಇದ್ದರೆ ಅದು ಒಣಗಿದ ಕೂಲೆಂಟ್. ತೆಳು ಸಿಲಿಂಡರಿನ ಸೂತ್ರ ನಮಗೆಲ್ಲ ಗೊತ್ತು. 30 ಮಿ.ಮೀ. ಒಳವ್ಯಾಸ, 4 ಮಿ.ಮೀ. ದಪ್ಪದ ಹೋಸಿಗೆ ಹಾಕಿ ನೋಡಿದರೆ ಹೂಪ್ ಸ್ಟ್ರೆಸ್ ಅಂದಾಜು 0.35 ಮೆಗಾಪಾಸ್ಕಲ್ ಕೂಡ ಬರುವುದಿಲ್ಲ. ಹೊಸ ರಬ್ಬರಿಗೆ ಇದು ಲೆಕ್ಕಕ್ಕೇ ಇಲ್ಲ. ಹೋಸ್ ಒಡೆಯೋದು ಒತ್ತಡಕ್ಕಲ್ಲ, ವರ್ಷಗಟ್ಟಲೆ ಶಾಖ, ಎಣ್ಣೆ ತಗುಲಿ ರಬ್ಬರ್ ಸತ್ತು ಹೋಗಿರುವುದಕ್ಕೆ.

ರೇಡಿಯೇಟರ್: ಅಲ್ಯೂಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ಟ್ಯಾಂಕ್ ಮಡಿಚಿ ಕೂರಿಸಿರುವ ಅಂಚು ದುರ್ಬಲ ಜಾಗ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಆಯಸ್ಸು ಮುಗಿಯುತ್ತಿದೆ.

ವಾಟರ್ ಪಂಪ್: ಶಾಫ್ಟಿನ ಕೆಳಗೆ ಒಂದು ಸಣ್ಣ ರಂಧ್ರ ಇರುತ್ತದೆ. ಒಳಗಿನ ಸೀಲ್ ಸವೆದಾಗ ಬೇರಿಂಗ್ ಹಾಳಾಗದಿರಲಿ ಅಂತ ಕೂಲೆಂಟ್ ಹೊರಬರಲೆಂದೇ ಅದನ್ನು ಬಿಟ್ಟಿರುತ್ತಾರೆ. ಅಲ್ಲಿ ಹಸಿ ಇದ್ದರೆ ಪಂಪ್ ಬದಲಿಸಲೇಬೇಕು.

ಹೀಟರ್ ಕೋರ್: ಹೀಟರ್ ಇರುವ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಕೆಳಗಿನ ಮ್ಯಾಟ್ ಒದ್ದೆ, ಒಳಗೆ ಸಿಹಿ ವಾಸನೆ, ಗಾಜಿನ ಒಳಮೈಗೆ ಜಿಡ್ಡು ಮಂಜು ಕಂಡರೆ ಇದರ ಮೇಲೆ ಅನುಮಾನ ಪಡಿ.

ನಮ್ಮ ಬ್ಯಾಚಿನ ಒಂದು ಉದಾಹರಣೆ

ನಮ್ಮ ಹಾಸ್ಟೆಲಿನ ಗೆಳೆಯನ ಅಪ್ಪನ 800ರಲ್ಲಿ ವಾರಕ್ಕೆ ಕಾಲು ಲೀಟರಿನಷ್ಟು ಕೂಲೆಂಟ್ ಕಡಿಮೆಯಾಗುತ್ತಿತ್ತು. ಕೆಳಗೆ ಒಂದು ತೊಟ್ಟೂ ಇಲ್ಲ. "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಅಂತ ಅವರಿಗೆ ಯಾರೋ ಹೇಳಿದ್ದರು. ಅಪ್ಪ ಕಾರು ಕೊಟ್ಟುಬಿಡೋಕೆ ತಯಾರಾಗಿದ್ದರು. ಅದೇ ಕಾರಲ್ಲಿ ಅವರು ದಿನಾ ಅಂಗಡಿಗೆ ಸಾಮಾನು ತರಬೇಕು.

ಬಿಚ್ಚುವ ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿದೆವು. ತಣ್ಣಗಿರುವ ರೇಡಿಯೇಟರಿನ ಕ್ಯಾಪ್ ಜಾಗದಲ್ಲಿ ಕೈಪಂಪ್ ಕೂರಿಸಿ 0.9 ಬಾರ್‌ವರೆಗೆ ಗಾಳಿ ತುಂಬಿ ಬಿಡಬೇಕು. ಹದಿನೈದು ನಿಮಿಷ ಮುಳ್ಳು ಕದಲದಿದ್ದರೆ ಹೊರಗಿನ ಸೋರಿಕೆ ಇಲ್ಲ ಅಂತ ಹೆಚ್ಚುಕಡಿಮೆ ಹೇಳಬಹುದು. ಇಲ್ಲಿ ಮುಳ್ಳು ನಿಧಾನವಾಗಿ ಇಳಿಯಿತು. ಟಾರ್ಚ್ ಹಿಡಿದು ನೋಡಿದರೆ ವಾಟರ್ ಪಂಪಿನ ರಂಧ್ರದಲ್ಲಿ ಹನಿ ಕಟ್ಟುತ್ತಿತ್ತು. ಕಾರು ಓಡುವಾಗ ಆ ಹನಿ ಬಿಸಿ ಎಂಜಿನ್ ಮೇಲೆ ಬಿದ್ದು ಆವಿಯಾಗಿಬಿಡುತ್ತಿತ್ತು, ಆದ್ದರಿಂದ ನೆಲದ ಮೇಲೆ ಗುರುತೇ ಇರಲಿಲ್ಲ. ಪಂಪ್ ಬದಲಾಯಿತು, ಹೆಡ್ ಮುಟ್ಟಲೇ ಇಲ್ಲ. ಕಾರು ಮನೆಯಲ್ಲೇ ಉಳಿಯಿತು.

ಒಳಗಿನ ಸೋರಿಕೆಯ ಲಕ್ಷಣ

ಹೆಡ್ ಗ್ಯಾಸ್ಕೆಟ್ ನಿಜವಾಗಲೂ ಹೋಗಿದ್ದರೆ ಸಾಕ್ಷಿ ಸಿಗುತ್ತದೆ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ, ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆಸಿದಂಥ ಆಯಿಲ್, ತಣ್ಣನೆ ಎಂಜಿನ್ ಶುರು ಮಾಡಿದ ತಕ್ಷಣ ಮೇಲಿನ ಹೋಸ್ ಗಟ್ಟಿಯಾಗುವುದು, ರೇಡಿಯೇಟರಿನಲ್ಲಿ ನಿಲ್ಲದ ಗುಳ್ಳೆ. ಚಳಿಯ ಬೆಳಿಗ್ಗೆ ಎರಡು ನಿಮಿಷ ಕಾಣುವ ಬಿಳಿ ಹೊಗೆ ಬರೀ ತೇವಾಂಶ, ಅದಕ್ಕೆ ಗಾಬರಿ ಬೇಡ. ಖಚಿತ ಮಾಡಿಕೊಳ್ಳೋಕೆ ರಾಸಾಯನಿಕ ಪರೀಕ್ಷೆಯೂ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆದಾಗ, ಅದರಲ್ಲಿ ದಹನದ ಇಂಗಾಲದ ಡೈಆಕ್ಸೈಡ್ ಇದ್ದರೆ ದ್ರಾವಣ ಹಳದಿಯಾಗುತ್ತದೆ.

ರಿಪೇರಿ

ಹೋಸ್ ಬದಲಿಸುವುದು ನಾವೇ ಮಾಡಬಹುದಾದ ಕೆಲಸ. ಕೂಲೆಂಟನ್ನು ಬಕೆಟ್ಟಿಗೆ ಇಳಿಸಿ. ಹಳೆಯ ಹೋಸ್ ಅಂಟಿಕೊಂಡಿದ್ದರೆ ತಿರುಚಿ ಎಳೆಯಬೇಡಿ, ರೇಡಿಯೇಟರಿನ ಪ್ಲಾಸ್ಟಿಕ್ ಕುತ್ತಿಗೆ ಮುರಿಯುತ್ತದೆ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ತೆಗೆಯಿರಿ. ಪೈಪಿನ ತುದಿಯ ಕಿಲುಬು ಉಜ್ಜಿ, ಹೊಸ ಹೋಸ್ ತಳದವರೆಗೆ ತಳ್ಳಿ, ಕ್ಲ್ಯಾಂಪನ್ನು ಪೈಪಿನ ಉಬ್ಬಿದ ಅಂಚಿನ ಹಿಂದೆ ಬಿಗಿಯಿರಿ. ಒಂದು ಹೋಸ್ ಹೋಗಿದ್ದರೆ ಅದೇ ವಯಸ್ಸಿನ ಇನ್ನೊಂದನ್ನೂ ಬದಲಿಸಿ. ಹಳೆಯ ಕ್ಯಾಪ್ ಕೂಡ ಬದಲಾಗಲಿ. ವಾಟರ್ ಪಂಪ್ ಕೆಲಸ ಮಾತ್ರ ಅನುಭವಿ ಮೆಕ್ಯಾನಿಕ್‌ಗೆ ಬಿಡಿ. ಅದಕ್ಕಾಗಿ ಟೈಮಿಂಗ್ ಬೆಲ್ಟ್ ಬಿಚ್ಚಬೇಕಾಗಿ ಬಂದರೆ ಬೆಲ್ಟನ್ನೂ ಆಗಲೇ ಹಾಕಿಸಿಬಿಡಿ.

ರೇಡಿಯೇಟರಿಗೆ ಅರಿಶಿನ ಪುಡಿ ಹಾಕೋ ಹಳೇ ಉಪಾಯ, ಅಂಗಡಿಯ ಲೀಕ್ ನಿಲ್ಲಿಸುವ ಪುಡಿ ಎರಡೂ ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಊರು ಮುಟ್ಟೋಕೆ ಮಾತ್ರ. ತೂತು ಮುಚ್ಚುವ ವಸ್ತುವಿಗೆ ರೇಡಿಯೇಟರಿನ ಸಣ್ಣ ನಾಳ ಯಾವುದು, ತೂತು ಯಾವುದು ಅಂತ ಗೊತ್ತಾಗಲ್ಲ. ಹಾಗೆಯೇ "ಥರ್ಮೋಸ್ಟ್ಯಾಟ್ ಕಿತ್ತು ಬಿಸಾಡಿ, ತಂಪಾಗಿರುತ್ತೆ" ಅನ್ನುವ ಸಲಹೆಯೂ ಬೇಡ. ಎಂಜಿನ್ ಸರಿಯಾದ ತಾಪಕ್ಕೆ ಬರದೆ ಮೈಲೇಜ್ ಇಳಿಯುತ್ತದೆ, ಸವೆತ ಹೆಚ್ಚುತ್ತದೆ.

ತುಂಬಿಸುವಾಗ ಬೋರ್‌ವೆಲ್ ನೀರು ಬೇಡ. ಅದರ ಕ್ಯಾಲ್ಸಿಯಂ ಗಾರೆಯಂತೆ ಒಳಗೆ ಕಟ್ಟಿಕೊಂಡು ಶಾಖ ದಾಟದಂತೆ ಮಾಡುತ್ತದೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ. ಕ್ಯಾಪ್ ಹಾಕದೆ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣನೆ ಎಂಜಿನ್ ಶುರು ಮಾಡಿ. ಥರ್ಮೋಸ್ಟ್ಯಾಟ್ ತೆರೆದಾಗ ಮೇಲಿನ ಹೋಸ್ ಬಿಸಿಯಾಗಿ, ಗುಳ್ಳೆ ಬಂದು ಮಟ್ಟ ಇಳಿಯುತ್ತದೆ. ಬಾಯಿಗೆ ಮುಖ ಒಡ್ಡದೆ ತುಂಬಿಸುತ್ತಾ ಹೋಗಿ. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ, ಮರುದಿನ ಬೆಳಿಗ್ಗೆ ಮತ್ತೆ ಮಟ್ಟ ನೋಡಿ. ಇಳಿಸಿದ ಹಳೆಯ ಕೂಲೆಂಟನ್ನು ಮೋರಿಗೆ ಸುರಿಯಬೇಡಿ, ತೆರೆದೂ ಇಡಬೇಡಿ. ಸಿಹಿ ಅಂತ ಕ್ಯಾಂಪಸ್ಸಿನ ನಾಯಿ ನೆಕ್ಕಿದರೆ ಸಾಯುತ್ತದೆ.

ದಾರಿಯಲ್ಲಿ ಮುಳ್ಳು ಏರಿದರೆ

ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಅಲ್ಯೂಮಿನಿಯಂ ಹೆಡ್ ಒಮ್ಮೆಲೇ ಕುಗ್ಗಿ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಇನ್ನೊಂದು ಮಾತು: ಕೂಲೆಂಟ್ ಸೆನ್ಸರಿಗಿಂತ ಕೆಳಗಿಳಿದರೆ ಮುಳ್ಳು ಸುಳ್ಳು ಹೇಳಬಹುದು, ಎಂಜಿನ್ ಸುಡುತ್ತಿದ್ದರೂ ತಣ್ಣಗಿದೆ ಅಂತ ತೋರಿಸಬಹುದು. ಹಾಗಾಗಿ ಮುಳ್ಳನ್ನೊಂದೇ ನಂಬಬೇಡಿ. ಈ ಸಲ ರಜೆಗೆ ಊರಿಗೆ ಹೋದಾಗ ಮನೆಯ ಕಾರಿನ ಬಾನೆಟ್ ಎತ್ತಿ, ಡಬ್ಬಿಗೊಂದು ಗೆರೆ ಎಳೆದು ಬನ್ನಿ.