ಮೊದಲು ಕಿವಿ ತೋರಿಸಮ್ಮಾ

"ಸ್ಟೆತ್ ಆಮೇಲೆ ನೋಡೋಣ. ಮೊದಲು ಕಿವಿ ತೋರಿಸಮ್ಮಾ" ಅಂದರು ಅಂಗಡಿಯ ಯಜಮಾನರು.

ಅಕ್ಕನ ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿ ಆಗಿನ್ನೂ ವಾರ. ಸೀನಿಯರ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಪಟ್ಟಿ ಹಿಡಿದು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆಸುಪಾಸಿನ ಗಲ್ಲಿಯೊಂದಕ್ಕೆ ಬಂದಿದ್ದೆವು. ನೀಲಿ ಬಣ್ಣದ್ದು ತಗೊಳ್ಳೋದೋ ಕಡುಗೆಂಪಿನದ್ದೋ ಅನ್ನುವುದು ಅವಳ ಚಿಂತೆ. ಬಿಲ್ಲು ಎಲ್ಲಿಗೆ ಮುಟ್ಟುತ್ತದೋ ಅನ್ನುವುದು ನನ್ನದು. ಕಿವಿಯ ವಿಚಾರ ಇಬ್ಬರಿಗೂ ಹೊಳೆದಿರಲಿಲ್ಲ.

ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲದ ಸರ್ಜಿಕಲ್ ಅಂಗಡಿ ಅದು. ಮೇಲೆ ತೂಗುಹಾಕಿದ ಊರುಗೋಲು, ವಾಕರ್‌ಗಳು. ಮೂಲೆಯಲ್ಲಿ ಬೆಡ್‌ಪ್ಯಾನ್‌ಗಳ ಗೋಪುರ. ಎಲ್ಲದರ ಮೇಲೂ ರಬ್ಬರ್ ಶೀಟಿನ ವಾಸನೆ. ವಿಕ್ಟೋರಿಯಾ ಆಸ್ಪತ್ರೆ ಶುರುವಾದದ್ದು 1900ರಲ್ಲಿ, ಲಾರ್ಡ್ ಕರ್ಜನ್ ಕೈಯಲ್ಲಿ. ಬೆಂಗಳೂರು ಮೆಡಿಕಲ್ ಕಾಲೇಜು 1955ರದ್ದು. ಕಾಲೇಜು ಬಂದ ನಾಲ್ಕೈದು ವರ್ಷಕ್ಕೆ ತಮ್ಮ ತಂದೆ ಅಂಗಡಿ ತೆರೆದರು ಅಂತ ಯಜಮಾನರ ಲೆಕ್ಕ. "ಹೆಸರು ಗಿಸರು ಬರೀಬೇಡಿ ಸಾರ್, ಹುಡುಗರಿಗೆಲ್ಲ ನಾನು ಅಂಕಲ್ಲೇ" ಅಂದರು. ಈ ಕಿವಿಗೆ ಸ್ವಲ್ಪ ಜೋರಾಗಿ ಹೇಳಬೇಕು ಅಂತ ಮೊದಲೇ ಎಚ್ಚರಿಸಿದ್ದರು.

ಸ್ಟೆತಾಸ್ಕೋಪ್ ಆರಿಸುವುದನ್ನು ಅವರ ಹತ್ತಿರ ನೋಡಬೇಕು. ಬೆಲೆ ಕೇಳಿದರೆ ಉತ್ತರವಿಲ್ಲ. ಒಂದನ್ನು ಎತ್ತಿ ಕಿವಿಗಿಡುವ ಎರಡು ಕಡ್ಡಿಗಳನ್ನು ಬಿಡಿಸಿ ಹಿಡಿದರು. "ಕಿವಿಯ ದಾರಿ ಮೂಗಿನ ಕಡೆಗೆ ವಾಲಿರತ್ತೆ. ಕಡ್ಡೀನೂ ಹಾಗೇ ವಾಲಬೇಕು. ತಿರುವುಮುರುವಾಗಿ ಹಾಕ್ಕೊಂಡು, ಏನೂ ಕೇಳಲ್ಲ ಅಂಕಲ್, ವಾಪಸ್ ತಗೊಳ್ಳಿ ಅಂತ ಬಂದವರು ಎಷ್ಟು ಜನ ಗೊತ್ತಾ!" ಹುಡುಗಿ ಹಾಕಿಕೊಂಡಳು. "ಈಗ ಹೊರಗಿನ ಆಟೋ ಹಾರ್ನ್ ಕೇಳ್ತಿದೆಯಾ?" ಕೇಳುತ್ತಿತ್ತು. ತುದಿಯ ಬಿರಡೆ ಬಿಚ್ಚಿ ಇನ್ನೊಂದು ಅಳತೆಯ, ಮೆತ್ತನೆಯ ಸಿಲಿಕೋನ್‌ನದ್ದು ತಿರುಗಿಸಿ ಹಾಕಿದರು. ಹಾರ್ನ್ ದೂರ ಸರಿಯಿತು. "ಹತ್ತು ರೂಪಾಯಿ ಬಿರಡೆ ಸರಿ ಕೂರದೇ ಇದ್ರೆ ಹತ್ತು ಸಾವಿರದ ಸ್ಟೆತ್ತೂ ಕಿವುಡೇ."

ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಅಂಗಿಯ ಎರಡು ಗುಂಡಿ ಬಿಚ್ಚಿಸಿ, ಎಡ ಮೊಲೆತೊಟ್ಟಿನ ಕೆಳಗೆ ಅವಳ ಕೈಯಲ್ಲೇ ಸ್ಟೆತ್ತಿನ ಚಪ್ಪಟೆ ಮುಖ, ಅಂದರೆ ಡಯಾಫ್ರಮ್ ಇಡಿಸಿ, ಕಣ್ಣು ಮುಚ್ಚಿಕೋ ಅಂದರು. ಒಂದಾದ ಮೇಲೊಂದರಂತೆ ಮೂರು ಸ್ಟೆತ್. ಕೆಲವು ನೂರರದ್ದು, ಸಾವಿರದ ಆಸುಪಾಸಿನದ್ದು, ಹತ್ತು ಸಾವಿರದ ಹತ್ತಿರದ್ದು. ಯಾವುದು ಯಾವಾಗ ಅಂತ ಅವಳಿಗೆ ಗೊತ್ತಿಲ್ಲ. ಮೊದಲನೆಯದು ಇಟ್ಟಾಗ ಅವಳು ಉಸಿರು ಬಿಗಿಹಿಡಿದದ್ದು ನನಗೆ ಕಂಡಿತು. "ಮಾವ... ಕೇಳ್ತಿದೆ!" ಐವತ್ತೆರಡು ವರ್ಷ ಒಳಗೇ ಕೂತು ಬಡಿದುಕೊಂಡದ್ದನ್ನು ಯಾರೋ ಬಾಗಿಲು ತಟ್ಟಿ ಮಾತಾಡಿಸಿದ ಹಾಗಾಯಿತು ನನಗೆ. ಕಣ್ಣು ಬಿಟ್ಟಾಗ ಅವಳು ತೋರಿಸಿದ್ದು ಎರಡನೆಯದನ್ನು.

"ಅದನ್ನೇ ತಗೋ. ಕಿವಿ ಇನ್ನೂ ಹಸೀದು. ಎದೆಯ ಸದ್ದು ನೂರಾರು ಕೇಳಿದ ಮೇಲೆ ಬಾ, ದೊಡ್ಡದು ಕೊಡ್ತೀನಿ" ಅಂದರು. ದುಬಾರಿಯದು ದಂಡ ಅನ್ನುವುದಲ್ಲ ಅವರ ಮಾತು. ಗಲಾಟೆಯ ವಾರ್ಡಿನಲ್ಲಿ, ಹೃದಯದ ಕ್ಷೀಣವಾದ ಮರ್ಮರ್ ಸದ್ದು ಹಿಡಿಯಲು ಒಳ್ಳೆಯ ಸ್ಟೆತ್ ಆಗಿಬರುತ್ತದೆ. ಆದರೆ ಏನು ಕೇಳಬೇಕು ಅಂತಲೇ ತಿಳಿಯದ ಕಿವಿಗೆ ಎರಡೂ ಒಂದೇ. ಮಗುಚಿ ಹಿಡಿದರೆ ಗಂಟೆಯಂಥ ಬೆಲ್ ಇರುವುದನ್ನು ತಗೊಳ್ಳಿ ಎನ್ನುತ್ತಾರೆ. ಉಸಿರಾಟದ ಏರುದನಿಗೆ ಡಯಾಫ್ರಮ್, ಹೃದಯದ ಕವಾಟ ಕಿರಿದಾದಾಗ ಬರುವ ತಗ್ಗಿನ ಗುಡುಗುಡುಗೆ ಬೆಲ್. ಬೆಲ್ಲನ್ನು ಹಗುರ ತಾಗಿಸಬೇಕು. ಒತ್ತಿದರೆ ಚರ್ಮವೇ ಬಿಗಿದು ಡಯಾಫ್ರಮ್ ಆಗಿಬಿಡುತ್ತದೆ.

ಇತಿಹಾಸ ಅವರ ಬಾಯಲ್ಲಿ ಎರಡು ನಿಮಿಷದ್ದು. 1816ರಲ್ಲಿ ಪ್ಯಾರಿಸ್‌ನ ನೆಕೆರ್ ಆಸ್ಪತ್ರೆಯಲ್ಲಿ ಲೆನೆಕ್ ಎಂಬ ವೈದ್ಯರ ಮುಂದೆ ಹೃದ್ರೋಗದ ಹುಡುಗಿಯೊಬ್ಬಳು. ಎದೆಗೆ ಕಿವಿ ಇಡಲು ಸಂಕೋಚ. ಕಾಗದ ಸುರುಳಿ ಸುತ್ತಿ ಕೇಳಿದರೆ ಬರಿಗಿವಿಗಿಂತ ಸ್ಪಷ್ಟ! ಮುಂದೆ ಮರದ ಕೊಳವೆಯನ್ನು ತಾವೇ ಕಡೆದುಕೊಂಡರು. ಕ್ಷಯದ ಎದೆಗಳಿಗೆ ಕಿವಿಗೊಟ್ಟ ಅವರು 1826ರಲ್ಲಿ ಕ್ಷಯದಿಂದಲೇ ತೀರಿಕೊಂಡರು. ಎರಡು ಕಿವಿಗೂ ಕೊಳವೆ ಬಂದದ್ದು 1850ರ ದಶಕದಲ್ಲಿ. ಲಿಟ್‌ಮನ್ ಎಂಬ ಹೃದಯ ತಜ್ಞ ಹಗುರವಾದದ್ದನ್ನು ರೂಪಿಸಿದ್ದು 1960ರ ದಶಕದಲ್ಲಿ. ಈಗ ಹುಡುಗರ ಬಾಯಲ್ಲಿ 'ಲಿಟ್‌ಮನ್' ಅಂದರೆ ಸ್ಟೆತ್ ಅಂತಲೇ ಅರ್ಥ. ಹಾಗಾಗಿಯೇ ನಕಲಿಗಳೂ ಹುಟ್ಟಿವೆ.

ಪಟ್ಟಿಯ ಮುಂದಿನ ಸಾಲು ಸುತ್ತಿಗೆ. ಮೊಣಕಾಲಿಗೆ ಹೊಡೆದು ನೋಡುವ ನೀ ಹ್ಯಾಮರ್. ತ್ರಿಕೋನ ತಲೆಯ ಪುಟ್ಟದ್ದು ಜೇಬಿಗೆ ಚೆಂದ, ಕೆಲಸಕ್ಕೆ ಹಗುರ. ಉದ್ದ ಹಿಡಿಯ, ಚಕ್ರದಂಥ ತಲೆಯದ್ದು ತನ್ನ ತೂಕಕ್ಕೆ ತಾನೇ ಬೀಸಿಕೊಂಡು ಹೋಗಿ ಬೀಳುತ್ತದೆ. ಕೈ ಬಲ ಬೇಡ, ಬಿಡುವುದು ಗೊತ್ತಿದ್ದರೆ ಸಾಕು. ಲಂಡನ್ನಿನ ಕ್ವೀನ್ ಸ್ಕ್ವೇರ್‌ನ ನರರೋಗ ಆಸ್ಪತ್ರೆಯಿಂದ ಅದಕ್ಕೆ ಕ್ವೀನ್ ಸ್ಕ್ವೇರ್ ಹ್ಯಾಮರ್ ಎಂಬ ಹೆಸರು. ಅಲ್ಲಿನ ವಿಂಟಲ್ ಎಂಬ ನರ್ಸ್, ಜಾರಿದ ಗರ್ಭಕೋಶಕ್ಕೆ ಆಸರೆ ಕೊಡುವ ರಬ್ಬರ್ ಉಂಗುರವನ್ನು ಹಿತ್ತಾಳೆ ಚಕ್ರಕ್ಕೆ ತೊಡಿಸಿ, ಬಿದಿರಿನ ಕೋಲಿಗೆ ಸಿಕ್ಕಿಸಿ ಕಲಿಯುವ ವೈದ್ಯರಿಗೆ ಮಾರುತ್ತಿದ್ದರಂತೆ. ವಾರ್ಡಿನಲ್ಲಿ ಸಿಕ್ಕ ವಸ್ತುಗಳಿಂದಲೇ ಹುಟ್ಟಿದ ಉಪಕರಣ!

ಉಳಿದವು ಬೇಗ ಮುಗಿದವು. ಹಿಗ್ಗದ ಟೇಪು. ಗಂಟಲಿಗೂ ಕಣ್ಣಿನ ಪಾಪೆಗೂ ಒಂದು ಪೆನ್ ಟಾರ್ಚು. ಕಾಮಾಲೆ ನೋಡಲು ಮಾತ್ರ ಟಾರ್ಚು ಬೇಡ, ರೋಗಿಯನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗು ಎಂಬ ಬುದ್ಧಿಮಾತು ಪುಕ್ಕಟೆ. ಕಣ್ಣು, ಕಿವಿಗಳ ಒಳಗೆ ನೋಡುವ ಸ್ಕೋಪುಗಳನ್ನು ಅವರೇ ಪಟ್ಟಿಯಿಂದ ಹೊಡೆದುಹಾಕಿದರು. "ಡಿಪಾರ್ಟ್‌ಮೆಂಟಲ್ಲಿ ಇರ್ತವೆ. ಮಾವನ ದುಡ್ಡು ಯಾಕೆ ಹಾಳು?" ಬಿ.ಪಿ. ಯಂತ್ರದ ಹತ್ತಿರ ಮಾತ್ರ ನಿಂತರು. ಕಫ್ ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇಕಡ 40ರಷ್ಟಿರಬೇಕು, ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಇಲ್ಲದ ಬಿ.ಪಿ. ಕಾಣುತ್ತದೆ. ಹಿಂದಿನ ಗಾಜಿನ ಪೆಟ್ಟಿಗೆಯಲ್ಲಿ ಪಾದರಸದ ಹಳೆಯ ಯಂತ್ರವೊಂದು ಕೂತಿತ್ತು. ಪಾದರಸ ವಿಷವೆಂದು 2013ರ ಮಿನಮಾಟಾ ಒಪ್ಪಂದದ ನಂತರ ಜಗತ್ತು ಅದನ್ನು ಕೈಬಿಡುತ್ತಿದೆ. ಅದು ಸರಿಯೇ. ಆದರೆ ಬೆಳ್ಳಿಯ ಗೆರೆ ಮೆಲ್ಲಗೆ ಇಳಿಯುವುದನ್ನು ನೋಡಿದವರಿಗೆ ಡಯಲ್ಲಿನ ಮುಳ್ಳು ರುಚಿಸುವುದಿಲ್ಲ. "ಮುಳ್ಳು ಸೊನ್ನೆಗೆ ಬಂದು ನಿಲ್ತಾ ಅಂತ ದಿನಾ ನೋಡು. ಪಾದರಸ ನಿಯತ್ತಿನ ಪ್ರಾಣಿ, ಇದು ಹಾಗಲ್ಲ."

"ಇನ್ನೊಂದು ಸಾಮಾನಿದೆ, ಅದಕ್ಕೆ ದುಡ್ಡಿಲ್ಲ" ಎಂದು ಅವಳ ಎಡಗೈಯ ನಡುಬೆರಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಚಾಚಿಸಿ, ಬಲಗೈಯ ನಡುಬೆರಳಿನಿಂದ ತಟ್ಟಿಸಿದರು. ನೋಟಿದ್ದ ಕಡೆ ಒಂದು ದನಿ, ಬರಿದಾದ ಕಡೆ ಇನ್ನೊಂದು. ಎದೆಯನ್ನು ತಟ್ಟಿ ನೋಡಬಹುದೆಂದು 1761ರಲ್ಲಿ ಬರೆದ ಔಎನ್‌ಬ್ರುಗರ್ ಎಂಬ ವೈದ್ಯ ಹೋಟೆಲಿನವರ ಮಗ. ಪೀಪಾಯಿ ತಟ್ಟಿ ಎಷ್ಟು ತುಂಬಿದೆ ಅಂತ ತಿಳಿಯುವುದನ್ನು ಅಪ್ಪನ ನೆಲಮಾಳಿಗೆಯಲ್ಲೇ ಕಂಡಿದ್ದನಂತೆ. ಸಂತೆಯಲ್ಲಿ ಹಲಸಿನಹಣ್ಣು ತಟ್ಟಿ ನೋಡುವ ನಮ್ಮವರಿಗೆ ಇದೇನು ಹೊಸದಲ್ಲ.

ಕೊನೆಗೆ ಟ್ಯೂನಿಂಗ್ ಫೋರ್ಕ್. ಪಾದದ ಗೆಣ್ಣಿನಲ್ಲಿ ನಡುಕದ ಅರಿವು ಇದೆಯೇ ಎಂದು ನೋಡಲು 128 ಹರ್ಟ್ಸ್‌ನದ್ದು, ಕಿವಿಗೆ 512ರದ್ದು. 512ನ್ನು ಮೊಣಕೈಗೆ ತಟ್ಟಿ ತಮ್ಮ ಬಲಗಿವಿಯ ಮುಂದೆ ಹಿಡಿದರು. "ಇಲ್ಲಿ ಏನೂ ಇಲ್ಲ." ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಊರಿದರು. ಮುಖ ಅರಳಿತು. "ಇಲ್ಲಿ ಚೆನ್ನಾಗಿದೆ. ನಂಗೆ ಕಿವಿ ಮಂದ ಸಾರ್, ಆದ್ರೆ ಯಾವ ಫೋರ್ಕ್ ಬೇಗ ಸಾಯತ್ತೆ ಅಂತ ಮೂಳೆ ಹೇಳತ್ತೆ." ನಾವೂ ನಕ್ಕೆವು.

ಇದೆಲ್ಲ ಆಗಿ ಎರಡು ವರ್ಷ ದಾಟಿದೆ. ಮೊನ್ನೆ ಹುಡುಗಿ ಹಾಸ್ಟೆಲಿನಿಂದ ಫೋನ್ ಮಾಡಿದಳು. ಇ.ಎನ್.ಟಿ. ಪೋಸ್ಟಿಂಗ್ ಅಂತೆ. "ಮಾವ, ಆ ಅಂಕಲ್ ನೆನಪಿದ್ದಾರಾ? ಸರಿ ಇರೋ ಕಿವಿಗೆ ಗಾಳೀಲೇ ಜೋರಾಗಿ ಕೇಳಬೇಕು, ಮೂಳೇಲಲ್ಲ. ಅವರಿಗೆ ನರ ಹೋಗಿರಲಿಕ್ಕಿಲ್ಲ. ದಾರಿ ಎಲ್ಲೋ ಕಟ್ಟಿರಬೇಕು. ಗುಗ್ಗೆ ಇರಬಹುದು, ತಮಟೆ ತೂತಾಗಿರಬಹುದು, ಒಳಗಿನ ಪುಟ್ಟ ಮೂಳೆ ಬಿಗಿದಿರಬಹುದು. ಯಾರಾದ್ರೂ ಒಂದ್ಸಲ ಒಳಗೆ ನೋಡಿದಾರಾ?"

ಕೇಳೋಣವೆಂದು ಹೋದೆ. ಅಂಗಡಿ ಅರ್ಧವಾಗಿದೆ, ಇನ್ನರ್ಧದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಹುಡುಗರು ಈಗ ಸ್ಟೆತ್ತನ್ನು ಫೋನಿನಲ್ಲೇ ಆರಿಸುತ್ತಾರೆ, ಹೆಸರು ಕೆತ್ತಿಸಿಕೊಂಡು ಡಬ್ಬಿಯಲ್ಲಿ ತರಿಸಿಕೊಳ್ಳುತ್ತಾರೆ. ಕಿವಿ ತೋರಿಸಲು ಯಾರೂ ಬರುವುದಿಲ್ಲ. ಅಕ್ಕನ ಮಗಳ ಪ್ರಶ್ನೆಯನ್ನು ಜೋರಾಗಿ, ಎರಡು ಸಲ ಹೇಳಿದೆ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ಕಿವಿ ನೋಡುವ ಸ್ಕೋಪುಗಳ ಡಬ್ಬಿಗಳು ಸಾಲಾಗಿದ್ದವು.

"ಇಲ್ಲ ಸಾರ್" ಅಂದರು. "ಯಾರೂ ಕೇಳಲಿಲ್ಲ, ನಾನೂ ತೋರಿಸಲಿಲ್ಲ. ಶನಿವಾರ ಬರ್ತಾಳಾ ಡಾಕ್ಟರಮ್ಮ?"